ಎರಡೂವರೆ

ಭಾನುವಾರ, ಬೆಳಗಿನ ಹತ್ತು ಗಂಟೆ
ಅಮ್ಮನ ಅಡುಗೆಮನೆಯ ಮೇಜು

ಮಾತು ಬಿಟ್ಟಿರುವ ಅಕ್ಕನಿಗೆ, ಮಾತು ಬಿಡಲಾರದ ತಂಗಿಯಿಂದ.

ನಿನ್ನ ಪತ್ರ ಬಂತು. ಅದನ್ನು ಪತ್ರ ಅಂದರೆ ಪತ್ರಕ್ಕೇ ನಾಚಿಕೆಯಾದೀತು. ಇಷ್ಟಗಲ ಹಾಳೆ, ಅದರ ನಟ್ಟನಡುವೆ ಮೂರು ಪದ: ನೀನು ಅಲ್ಲೇ ಇದ್ದೆಯಲ್ಲ. ಪ್ರಶ್ನೆಯ ಚಿಹ್ನೆ ಕೂಡ ಹಾಕಿಲ್ಲ, ಅಷ್ಟು ಕೋಪ. ಹನ್ನೊಂದು ದಿನ ಅದನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟುಕೊಂಡಿದ್ದೆ. ಚಹಾ ಮಾಡಲು ಡಬ್ಬಿ ಎತ್ತಿದಾಗೆಲ್ಲ ಮೂರು ಪದ ಎದ್ದು ಕೂರುತ್ತಿದ್ದವು. ಕೊನೆಗೆ ಸಕ್ಕರೆಯಿಲ್ಲದೆ ಕುಡಿಯಲು ಕಲಿತೆ. ಅಷ್ಟಾದರೂ ನಿನ್ನಿಂದ ಉಪಕಾರವಾಯಿತು.

ಇದ್ದೆ ಅಕ್ಕ. ಅಲ್ಲೇ ಇದ್ದೆ.

ಅವತ್ತು ಫೋನಿನಲ್ಲಿ ನಿನಗೆ ನಾಲ್ಕು ಮಾತು ಹೇಳಿದೆ. ನಾನು ಮೇಲಿನ ಮಹಡಿಯಲ್ಲಿದ್ದೆ, ಅಮ್ಮ ಒಂದೇ ಗಳಿಗೆಯಲ್ಲಿ ಹೋದಳು, ಕೊನೆಯಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು, ಡಾಕ್ಟರುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು. ಈ ನಾಲ್ಕರಲ್ಲಿ ನಿಜವಾದದ್ದು ಕಡೆಯದೊಂದೇ. ಅದೂ ತಡವಾಗಿ ನಿಜವಾದದ್ದು.

ಲಕೋಟೆಯಲ್ಲಿ ಇನ್ನೆರಡು ಕಾಗದಗಳಿವೆ. ಒಂದು ಆಸ್ಪತ್ರೆಯವರು ಟೈಪು ಮಾಡಿಸಿ ಕೊಟ್ಟದ್ದು, ಇನ್ನೊಂದು ನಾನು ಕೈಯಲ್ಲಿ ಬರೆದದ್ದು. ಎರಡರ ಕೆಳಗೂ ಇಬ್ಬರು ಹೆಣ್ಣುಮಕ್ಕಳ ಸಹಿಗೆ ಜಾಗವಿದೆ. ಬರುವ ತಿಂಗಳ ಮೊದಲ ಸೋಮವಾರದೊಳಗೆ ಯಾವುದಾದರೂ ಒಂದರ ಮೇಲೆ ಸಹಿ ಬೀಳಬೇಕು. ಯಾವುದು ಅಂತ ನಿರ್ಧರಿಸುವ ಮೊದಲು ಈ ಪತ್ರವನ್ನು ಪೂರ್ತಿ ಓದು. ನೀನು ಬಸ್ಸು ಓಡಿಸುವವಳು, ಕೆಂಪು ದೀಪಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನಿಂತವಳಲ್ಲ ಅಂತ ಗೊತ್ತು. ಇದೊಂದನ್ನು ಕೆಂಪು ದೀಪ ಅಂದುಕೋ.

ನಮ್ಮ ಮನೆಯ ‘ಎರಡು’ ನೆನಪಿದೆಯಾ? ಅಮ್ಮ ದುಡಿಯುತ್ತಿದ್ದ ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆಮನೆಯಲ್ಲಿ ಯಾರದೋ ಕೈ ಇಸ್ತ್ರಿಯ ಬಿಸಿ ಉರುಳೆಗೆ ಸಿಕ್ಕಿತು ಅಂತ ಒಂದು ನಿಯಮ ಬಂತಲ್ಲ. ದಿನಾ ಬೆಳಗ್ಗೆ ಮೇಸ್ತ್ರಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮೈಕೈ ನೋವು ಎಷ್ಟು, ಹತ್ತಕ್ಕೆ ಎಷ್ಟು ಅಂತ ಕೇಳಬೇಕು. ಮೂರು ದಾಟಿದವರಿಗೆ ಅಂದು ಕೆಲಸವಿಲ್ಲ, ಕೂಲಿಯೂ ಇಲ್ಲ, ಮನೆಗೆ. ನಿಯಮ ಮಾಡಿದವರು ಪುಣ್ಯಾತ್ಮರೇ, ನಮ್ಮ ಮೈ ಕಾಯಲು ಮಾಡಿದ್ದು. ಆದರೆ ಅವತ್ತಿನಿಂದ ಆ ನೆಲಮಾಳಿಗೆಯಲ್ಲಿ ಯಾರಿಗೂ ಎರಡಕ್ಕಿಂತ ಹೆಚ್ಚು ನೋವಾದದ್ದೇ ಇಲ್ಲ. ಸೊನ್ನೆ ಅಂದರೆ ಸುಳ್ಳು ಅಂತ ಗೊತ್ತಾಗುತ್ತದೆ, ಮೂರು ಅಂದರೆ ಮೇಸ್ತ್ರಿ ಕತ್ತೆತ್ತಿ ನೋಡುತ್ತಾನೆ, ಎರಡು ಅನ್ನುವುದು ಮರ್ಯಾದಸ್ಥರ ನೋವು ಅಂತ ಅಮ್ಮ ನಮಗೆ ಪಾಠ ಹೇಳುತ್ತಿದ್ದಳು. ಮೇಸ್ತ್ರಿಯ ಮುಂದೆ ಇಸ್ತ್ರಿಯವರು ಕಲಿತ ಗಣಿತ.

ಅದೇ ಮನೆಗೂ ಬಂತು. ಕಾಲ ಮೇಲೆ ಬಿಸಿನೀರು ಚೆಲ್ಲಿಕೊಂಡಾಗ, ಎಷ್ಟಮ್ಮಾ ಅಂದರೆ ಎರಡು. ನನ್ನನ್ನು ಹೆತ್ತಾಗ ಎಷ್ಟಿತ್ತು ಅಂದರೆ ಎರಡು. ನಿನ್ನನ್ನು ಹೆತ್ತಾಗ ಅಂದರೆ, ಅವಳು ಆಗಲೇ ಜಗಳಗಂಟಿ, ಆದರೂ ಎರಡೇ ಅನ್ನುತ್ತಿದ್ದಳು. ಅಪ್ಪ ಹೋದ ದಿನ ನಾನು ದಡ್ಡಿ, ಸಮಾಧಾನ ಮಾಡಲು ಹೋಗಿ, ಎಷ್ಟಮ್ಮಾ ಅಂತ ಕೇಳಿಬಿಟ್ಟೆ. ಎರಡು ಅಂದವಳು ಗೋಡೆಯ ಕಡೆ ತಿರುಗಿ ಕೂತಳು. ನೀನು ಪೆಟ್ಟಿಗೆ ಹಿಡಿದು ಊರು ಬಿಟ್ಟ ದಿನವೂ ಎರಡು. ನಿನಗೆ ಹೇಳಿರಲಿಲ್ಲ. ಅವತ್ತು ಎರಡು ಅನ್ನಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

ಈಗ ಅಮ್ಮ ಹೋದ ಆ ಮಂಗಳವಾರ.

ನನ್ನ ಇಸಿಜಿ ಕೋಣೆ ಇರುವುದು ಕೆಳ ಅಂತಸ್ತಿನ ಓಣಿಯಲ್ಲಿ, ಮುಂದಿನ ಕೌಂಟರಿಗೂ ಹಿಂದಿನ ಬಟ್ಟೆಗಾಡಿಯ ಬಾಗಿಲಿಗೂ ನಡುವೆ. ಡಿಪ್ಲೊಮಾ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ದಿನ ನಾನು ಬೀಗಿದ್ದು ನಿನಗೆ ನೆನಪಿರಬೇಕು. ಹಣೆಬರಹ ಓದುವವರು ಬೀದಿಗೊಬ್ಬರಿದ್ದಾರೆ, ನಾನು ಎದೆಬರಹ ಓದುವವಳು ಅಂದಿದ್ದೆ. ಅಮ್ಮ ಅದನ್ನು ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಆದರೆ ಎದೆಬರಹಕ್ಕೂ ಚೀಟಿ ಬೇಕು. ಕೌಂಟರಿನ ಡಾಕ್ಟರ ಸಹಿಯಿರುವ ಚೀಟಿ ಬರದೆ ನಾನು ಮೆಶಿನ್ ಮುಟ್ಟುವಂತಿಲ್ಲ. ಹೋದ ವರ್ಷ ಪಕ್ಕದ ಮನೆಯ ಬಡಗಿ ಮಾಮ ಎದೆ ಹಿಡಿದುಕೊಂಡು ಬಂದಾಗ ಸ್ನಾಯು ಸೆಳೆತ ಅಂತ ಕಳಿಸಿಬಿಟ್ಟಿದ್ದರು. ನಾನು ಊಟದ ಬಿಡುವಿನಲ್ಲಿ ಕರೆದು ಚೀಟಿಯಿಲ್ಲದೆ ಗೆರೆ ತೆಗೆದೆ. ಮಾಮನ ಗೆರೆ ಚೆನ್ನಾಗಿತ್ತು, ನನಗೆ ಬಂದ ಮೆಮೊ ಚೆನ್ನಾಗಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಅಂತಿತ್ತು. ಅಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ನನ್ನಿಂದ ಮಾತು ತೆಗೆದುಕೊಂಡಳು. ನಮ್ಮವರಿಗೆ ಅಂತ ಮೆಶಿನ್ ಮುಟ್ಟಬೇಡ, ನನಗೇ ಆದರೂ ಸರಿ. ನಿನ್ನ ಕೆಲಸ ಹೋದರೆ ನನ್ನ ಇಪ್ಪತ್ತಮೂರು ವರ್ಷದ ಇಸ್ತ್ರಿ ಒಂದೇ ದಿನಕ್ಕೆ ಸುಕ್ಕಾಗುತ್ತೆ ಅಂದಳು.

ಮಂಗಳವಾರ ಒಂಬತ್ತೂಕಾಲಿಗೆ ನನ್ನ ಮಂಚದ ಮೇಲೆ ಕಾರು ಶೋರೂಮಿನ ಯಜಮಾನರು ಮಲಗಿದ್ದರು. ಅಳಿಯನ ಜೊತೆ ಜಗಳವಾಡುವಾಗ ಎದೆ ಡವಡವ ಅಂದಿತಂತೆ. ಅಳಿಯನ ಜೊತೆ ಜಗಳವಾಡುವಾಗ ಎದೆ ಜೋಗುಳ ಹಾಡೀತೇ? ಆದರೂ ಚೀಟಿ ಬಂದಿತ್ತು, ಗೆರೆ ತೆಗೆದೆ. ಚೆನ್ನಾಗಿತ್ತು. ಇನ್ನೊಂದು ತೆಗೆಯಿರಿ ಅಂತ ಮತ್ತೊಂದು ಚೀಟಿ ಬಂತು. ಹಿರಿಯ ಡಾಕ್ಟರೇ ಬಂದು ಮೂರನೆಯದನ್ನೂ ತೆಗೆಸಿದರು. ಮೂರೂ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುವಂತಿದ್ದವು. ಆದರೂ ಎದೆಯ ವಿಷಯ, ಹುಡುಗಾಟವಲ್ಲ ಅಂತ ಹೃದಯದ ವಾರ್ಡಿನ ಕಿಟಕಿ ಪಕ್ಕದ ಕೋಣೆಗೆ ಎರಡು ದಿನ ಸೇರಿಸಿಕೊಂಡರು. ಒಳ್ಳೆಯ ಮನುಷ್ಯರು, ಸುಳ್ಳು ಹೇಳಬಾರದು. ಮಂಚದಿಂದ ಏಳುವಾಗ ಹಾಸಿದ ಬಟ್ಟೆಯ ಮೇಲೆ ಕೈಯಾಡಿಸಿ, ಎಷ್ಟು ನೀಟಾಗಿದೆಯಮ್ಮಾ ಅಂದರು. ಅದು ಅಮ್ಮನ ಮಡಿಕೆ. ಎಲೆಯ ತುದಿ ಮಡಚಿದ ಹಾಗೆ ಒಂದು ಮೂಲೆಯನ್ನು ಒಳಕ್ಕೆ ಸೇರಿಸುತ್ತಿದ್ದಳಲ್ಲ, ಆ ಮೂಲೆಯ ಮೇಲೆಯೇ ಅವರ ಕೈಯಿತ್ತು.

ಅದೇ ಹೊತ್ತಿಗೆ ಇಪ್ಪತ್ತು ಹೆಜ್ಜೆ ಆಚೆ ಅಮ್ಮ ಕೌಂಟರಿನ ಮುಂದೆ ನಿಂತಿದ್ದಳು. ಮುಂದೆ ಅಂದರೆ ತಪ್ಪು, ಹಿಂದೆ. ತಾನೇ ಸರಿಯುವ ಆ ದೊಡ್ಡ ಗಾಜಿನ ಬಾಗಿಲು ಇಪ್ಪತ್ತಮೂರು ವರ್ಷದಲ್ಲಿ ಅವಳಿಗಾಗಿ ಒಮ್ಮೆಯೂ ಸರಿದಿಲ್ಲ. ಪಾಪ, ಅದಕ್ಕೆ ಅವಳ ಪರಿಚಯವೇ ಇರಲಿಲ್ಲ. ಅವಳು ಬಂದದ್ದು ಬಟ್ಟೆಗಾಡಿಯ ಬಾಗಿಲಿಂದ, ಕೆಲಸದ ನಿಲುವಂಗಿಯಲ್ಲೇ. ಹಾಗಾಗಿ ಅವಳು ರೋಗಿಗಳ ಸಾಲಿಗೆ ಸೇರಲೇ ಇಲ್ಲ. ಮಾತ್ರೆ ಕೇಳಲು ಬಂದ ಕೆಲಸದವಳಾದಳು.

ಇನ್ನು ಮುಂದಿನದು ಕೌಂಟರಿನ ನರ್ಸು ಆಮೇಲೆ ಅಳುತ್ತಾ ನನಗೆ ಹೇಳಿದ್ದು. ದವಡೆ ಎಳೆಯುತ್ತಿದೆ, ಬೆನ್ನಿನ ಮೇಲ್ಭಾಗ ಹಿಂಡಿದಂತಾಗುತ್ತಿದೆ, ಸುಮ್ಮನೆ ಬೆವರುತ್ತಿದೆ ಅಂತ ಅಮ್ಮ ಹೇಳಿದಳು. ಎದೆ ಅನ್ನುವ ಮಾತು ಅವಳ ಬಾಯಲ್ಲಿ ಬರಲಿಲ್ಲ. ಹೆಂಗಸರ ಎದೆ ಹಾಗೆಯೇ, ತಾನು ಸುಮ್ಮನಿದ್ದು ಅಕ್ಕಪಕ್ಕದವರಿಂದ ದೂರು ಹೇಳಿಸುತ್ತದೆ. ನರ್ಸು ತುಟಿ ನೋಡಿದಳು, ಉಗುರು ನೋಡಿದಳು, ಬಣ್ಣ ಚೆನ್ನಾಗೇ ಇದೆಯಲ್ಲ ಅಂದಳು. ನಮ್ಮ ಬಣ್ಣ ಬಿಳಿಚಿಕೊಂಡದ್ದು ಅವರ ಕಣ್ಣಿಗೆ ಕಾಣಬೇಕಾದರೆ ನಾವು ಸತ್ತು ಎರಡು ದಿನವಾಗಬೇಕು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದಳು, ಅದು ಉಸಿರು ಚೆನ್ನಾಗಿದೆ ಅಂದಿತು. ಕಪ್ಪು ಬೆರಳಿನ ವಿಷಯದಲ್ಲಿ ಆ ಕ್ಲಿಪ್ಪು ಸ್ವಲ್ಪ ಧಾರಾಳಿ, ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ ಅಂತ ನಮ್ಮ ಡಿಪ್ಲೊಮಾ ಪುಸ್ತಕದಲ್ಲಿ ಒಂದೇ ಒಂದು ಸಾಲಿತ್ತು. ಪರೀಕ್ಷೆಗೆ ಬರಲಿಲ್ಲ.

ಆಮೇಲೆ ನರ್ಸು, ನೋವು ಎಷ್ಟು, ಹತ್ತಕ್ಕೆ ಎಷ್ಟು ಅಂತ ಕೇಳಿದಳು.

ಅಮ್ಮ ಏನು ಹೇಳಿದಳು ಅಂತ ನಿನಗೆ ಬೇರೆ ಹೇಳಬೇಕಾ? ಅವಳ ಎದುರಿಗಿದ್ದದ್ದು ನರ್ಸಲ್ಲ ಅಕ್ಕ, ಮೇಸ್ತ್ರಿ. ಆ ಪ್ರಶ್ನೆಗೆ ಅವಳ ಬಾಯಿ ತಾನಾಗಿಯೇ ಎರಡು ಅಂತು. ಕೌಂಟರಿನ ಪುಸ್ತಕದಲ್ಲಿ ಎರಡು ಅಂತ ಬಿತ್ತು. ಶೋರೂಮಿನವರು ಎಂಟು ಅಂದಿದ್ದರು. ಅವರ ತಪ್ಪಲ್ಲ. ಅವರನ್ನು ಯಾರೂ ನೋವು ಹೇಳಿದ್ದಕ್ಕೆ ಮನೆಗೆ ಕಳಿಸಿರಲಿಲ್ಲ.

ಎಳೆಯ ಡಾಕ್ಟರೊಬ್ಬರು ಬಂದು ಎಲ್ಲಿ ಕೆಲಸ ಅಂತ ಕೇಳಿದರು. ಬಟ್ಟೆಮನೆ ಅಂದಳು. ಅಲ್ಲಿಗೆ ಮುಗಿಯಿತು. ಬಿಸಿ, ಅದಕ್ಕೇ ಬೆವರು; ಭಾರ, ಅದಕ್ಕೇ ಬೆನ್ನು; ಬೆಳಗ್ಗೆ ತಿಂದಿಲ್ಲ, ಅದಕ್ಕೇ ಗ್ಯಾಸು. ಬೇರೆಯವರ ನೋವಿಗೆ ಅವರು ಕಾರಣ ಹುಡುಕುತ್ತಾರೆ. ನಮ್ಮ ನೋವಿಗೆ ಕಾರಣ ಮೊದಲೇ ಸಿದ್ಧವಾಗಿರುತ್ತದೆ. ಆ ಕೌಂಟರಿನಲ್ಲಿ ಬಾಯಿ ಕೇಳುವುದು ನೋವೆಷ್ಟು ಅಂತ, ಕಣ್ಣು ನೋಡುವುದು ನೀವೆಷ್ಟು ಅಂತ. ಎರಡು ಗುಳಿಗೆ ಕೊಟ್ಟು, ಮಧ್ಯಾಹ್ನಕ್ಕೂ ಸರಿಹೋಗದಿದ್ದರೆ ಬನ್ನಿ ಅಂದರು.

ಹಿಂದಿನ ಬಾಗಿಲಿಗೆ ಹೋಗುವಾಗ ಅಮ್ಮ ನನ್ನ ಕೋಣೆಯ ಮುಂದೆ ಹಾದುಹೋದಳು. ಎರಡು ಮಾತು ಆಡಿದೆವು. ನಕ್ಕಳು. ಹೋದಳು. ನಾನು ಮೇಲಿನ ಮಹಡಿಯಲ್ಲಿದ್ದೆ ಅಂದದ್ದು ಸುಳ್ಳು.

ನೆಲಮಾಳಿಗೆಯಲ್ಲಿ ಮತ್ತೆ ಉರುಳೆಯ ಮುಂದೆ ನಿಂತಳಂತೆ. ಹದಿನೆಂಟು ವರ್ಷದಿಂದ ಅವಳ ಎದುರು ನಿಂತು ಬಟ್ಟೆಯ ಇನ್ನೊಂದು ತುದಿ ಹಿಡಿಯುವ ಜೊತೆಗಾತಿ ಇದ್ದಾಳಲ್ಲ, ನಾವು ಬಿಸಿಯತ್ತೆ ಅನ್ನುವವಳು, ಅವಳು ಹೇಳಿದಳು. ಹನ್ನೊಂದೂವರೆಯ ಹೊತ್ತಿಗೆ ಅಮ್ಮನ ತುದಿ ಪದೇಪದೇ ಇಳಿಯುತ್ತಿತ್ತಂತೆ. ಏನೇ, ವಯಸ್ಸಾಯಿತೇನೇ ಅಂತ ಬಿಸಿಯತ್ತೆ ಛೇಡಿಸಿದಳಂತೆ. ನಿನಗಿಂತ ನಾಲ್ಕು ತಿಂಗಳು ಚಿಕ್ಕವಳು ಕಣೇ ನಾನು ಅಂತ ಅಮ್ಮ ಅಂದಳಂತೆ. ಊಟದ ಬಿಡುವಿನಲ್ಲಿ ಐದು ನಿಮಿಷ ಅಡ್ಡಾಗುತ್ತೇನೆ ಅಂದಳು. ಮಡಚಿಟ್ಟ ಬಟ್ಟೆಯ ಅಟ್ಟಿ ಬೆಚ್ಚಗೆ, ಮೆತ್ತಗೆ ಅಲ್ಲೇ ಇತ್ತು. ಅದರ ಮೇಲೆ ಮಲಗಿದರೆ ಸುಕ್ಕಾಗುತ್ತದೆ ಅಂತ ಮೂಲೆಯಲ್ಲಿದ್ದ ಕೊಳೆಬಟ್ಟೆಯ ರಾಶಿಯ ಮೇಲೆ ಹೋಗಿ ಮಲಗಿದಳು.

ಅಲ್ಲಿಂದ ಏಳಲಿಲ್ಲ.

ನೆಲಮಾಳಿಗೆಯ ಲಿಫ್ಟಿನಲ್ಲಿ ಬಟ್ಟೆಗಾಡಿ ಮಾತ್ರ ಹಿಡಿಸುತ್ತದೆ, ಹಾಗಾಗಿ ಗಾಡಿಯಲ್ಲೇ ಹಾಕಿ ತಂದರು. ಕಡೆಗೂ ಹಿಂದಿನ ಬಾಗಿಲಿಂದಲೇ ಬಂದಳು. ಆಗ ಮಾತ್ರ ಆಸ್ಪತ್ರೆ ಎದ್ದು ನಿಂತಿತು ಅಕ್ಕ. ಹತ್ತು ಜನ ಓಡಿ ಬಂದರು. ಬೆಳಗ್ಗೆ ಗುಳಿಗೆ ಕೊಟ್ಟ ಎಳೆಯ ಡಾಕ್ಟರೇ ಎದೆ ಒತ್ತಿ ಒತ್ತಿ ಬೆವರಿನಲ್ಲಿ ತೊಯ್ದು ಹೋದರು. ನನ್ನ ಕೋಣೆಗೆ ಚೀಟಿ ಬಂತು. ಸಹಿ ಸಮೇತ, ತುರ್ತು ಅಂತ ಕೆಂಪು ಗೆರೆ ಎಳೆದ ಚೀಟಿ. ಹೆಸರಿನ ಜಾಗದಲ್ಲಿ ಅಮ್ಮನ ಹೆಸರು.

ನಾನೇ ಮೆಶಿನ್ ತಳ್ಳಿಕೊಂಡು ಹೋದೆ. ನಾನೇ ತಂತಿ ಅಂಟಿಸಿದೆ. ಕೈ ಹಿಡಿದಿದ್ದೆ ಅಂದದ್ದು ಹೀಗೆ; ಹಿಡಿದದ್ದು ತಂತಿ ಸಿಕ್ಕಿಸಲು. ಕಾಗದ ಹೊರಗೆ ಬಂತು. ಗೆರೆ ನೆಟ್ಟಗಿತ್ತು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ, ಈ ತುದಿಯಿಂದ ಆ ತುದಿಗೆ ಒಂದು ಸುಕ್ಕೂ ಇರಲಿಲ್ಲ.

ನಾಲ್ಕು ದಿನದ ಮೇಲೆ ಸೂಪರಿಂಟೆಂಡೆಂಟರು ತಮ್ಮ ಕೋಣೆಗೆ ಕರೆಸಿದರು. ಐದು ವರ್ಷದಲ್ಲಿ ಮೊದಲ ಸಲ ಕೂತುಕೊಳ್ಳಿ ಅಂದರು. ಕುರ್ಚಿ ಸಿಕ್ಕಿತು ಅಂದಾಗಲೇ ನನಗೆ ಭಯವಾಯಿತು, ನಮ್ಮಂಥವರಿಗೆ ಕುರ್ಚಿ ಸುಮ್ಮನೆ ಸಿಗುವುದಿಲ್ಲ. ಅಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಆ ಟೈಪು ಮಾಡಿದ ಕಾಗದ ಮುಂದಿಟ್ಟರು. ರೋಗಿಯು ತನಗೆ ಹತ್ತಕ್ಕೆ ಎರಡು ನೋವು ಎಂದು ತಾನೇ ಹೇಳಿದರು, ಔಷಧಿ ಪಡೆದು ಸ್ವಂತ ಇಚ್ಛೆಯಿಂದ ಕೆಲಸಕ್ಕೆ ಮರಳಿದರು, ಕುಟುಂಬದವರ ದೂರು ಇಲ್ಲ ಎಂದಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸಹಿ ಮಾಡಿದರೆ ನನ್ನ ಮೇಲಿನ ಹಳೆಯ ಮೆಮೊ ಫೈಲಿನಿಂದ ತೆಗೆದುಬಿಡಬಹುದು ಅಂತ ಬಾಗಿಲವರೆಗೆ ಬಂದು ಹೇಳಿದರು. ಅಕ್ಕನನ್ನು ಕೇಳಬೇಕು ಅಂದೆ. ಹುಟ್ಟಿದಾಗಿನಿಂದ ನಿನ್ನನ್ನು ಏನೂ ಕೇಳದವಳು, ಅವತ್ತು ನಿನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಅವತ್ತಿನಿಂದ ಒಂದು ಕೆಲಸ ಮಾಡಿದೆ. ನನ್ನ ಕೋಣೆಯಲ್ಲಿ ಗೆರೆ ತೆಗೆದವರ ಪುಸ್ತಕ ಇರುತ್ತದೆ, ಕೌಂಟರಿನಲ್ಲಿ ನೋವು ಹೇಳಿ ಬಂದವರ ಪುಸ್ತಕ. ಆ ನರ್ಸೇ ಅದನ್ನು ನನ್ನ ಮುಂದೆ ತೆರೆದಿಟ್ಟು ನೀರು ಕುಡಿಯಲು ಹೋದಳು, ಬಹಳ ಹೊತ್ತು ಬರಲಿಲ್ಲ. ಒಂದು ವರ್ಷದ ಹೆಸರುಗಳನ್ನು ಹೋಲಿಸಿದೆ. ಗುಡ್ಡದ ಬೀದಿಯ ದೊಡ್ಡ ಮನೆಗಳಿಂದ ಎದೆ, ಬೆನ್ನು, ದವಡೆ ಅಂದವರು ಹೆಚ್ಚುಕಡಿಮೆ ಎಲ್ಲರೂ ನನ್ನ ಮಂಚಕ್ಕೆ ಬಂದಿದ್ದಾರೆ. ಆಸ್ಪತ್ರೆಯ ಗೋಡೆಯ ಹಿಂದಿನ ನಮ್ಮ ಸಾಲಿನಿಂದ ಅದೇ ಮಾತು ಹೇಳಿದವರಲ್ಲಿ ಅರ್ಧದಷ್ಟೂ ಬಂದಿಲ್ಲ. ಬಂದವರಲ್ಲೂ ವಾರ್ಡಿಗೆ ಸೇರಿದವರು ಬೆರಳೆಣಿಕೆ. ಬಡತನ ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, ಗುಡ್ಡದ ಬೀದಿಯಲ್ಲೇ ಇರುವ ನಮ್ಮ ಬಣ್ಣದ ಆ ಗಣಿತದ ಮೇಡಂ, ಕೋಟು ಹಾಕಿಕೊಂಡು ಮುಂದಿನ ಬಾಗಿಲಿಂದಲೇ ಬಂದವರು, ಅವರಿಗೂ ಮೂರನೆಯ ಸಲಕ್ಕೆ ಚೀಟಿ ಸಿಕ್ಕಿದೆ. ನಮ್ಮ ಸಾಲಿನಲ್ಲೇ ಇರುವ ತಿಳಿಬಣ್ಣದ ಕಾವಲುಗಾರನಿಗೆ ಎರಡನೆಯ ಸಲಕ್ಕೆ. ಒಂದರ ಕೆಳಗೊಂದು ಜರಡಿ ಹಿಡಿದಿದ್ದಾರೆ ಅಕ್ಕ, ಒಂದು ದುಡ್ಡಿನದು, ಒಂದು ಬಣ್ಣದ್ದು. ಅಮ್ಮ ಎರಡರಲ್ಲೂ ಸೋಸಿಹೋದಳು.

ಹಾಗಂತ ಅಲ್ಲಿ ಯಾರೂ ಕೆಟ್ಟವರಿಲ್ಲ. ಅದೇ ಕಷ್ಟ. ಒಬ್ಬ ಕೆಟ್ಟವನಿದ್ದಿದ್ದರೆ ಅವನ ಕಾಲರು ಹಿಡಿಯಲು ನಿನ್ನನ್ನು ಮೊದಲ ಬಸ್ಸಿಗೇ ಕರೆಸುತ್ತಿದ್ದೆ. ನರ್ಸಿನ ಕಣ್ಣು ಇನ್ನೂ ಬಾತುಕೊಂಡಿದೆ. ಎಳೆಯ ಡಾಕ್ಟರು ನನ್ನನ್ನು ಕಂಡರೆ ಮೆಟ್ಟಿಲು ಹತ್ತಿ ಹೋಗುತ್ತಾರೆ. ಈಗ ಬಟ್ಟೆಮನೆಯವರು ಬಂದರೆ ಕೇಳುವ ಮೊದಲೇ ಚೀಟಿ ಬರೆಯುತ್ತಿದ್ದಾರಂತೆ. ಎಷ್ಟು ದಿನವೋ ನೋಡಬೇಕು.

ನಾನು ಬರೆದ ಕಾಗದದಲ್ಲಿ ಇದೆಲ್ಲ ಇದೆ. ಹೆಸರು ಬಿಟ್ಟು ಎರಡು ಪುಸ್ತಕಗಳ ಹೋಲಿಕೆಯಿದೆ, ಮೇಸ್ತ್ರಿಯ ನಿಯಮ ಇದೆ, ನಮ್ಮವರು ಎರಡು ಅಂದರೆ ಅದನ್ನು ಹೇಗೆ ಓದಬೇಕು ಅಂತಲೂ ಬರೆದಿದ್ದೇನೆ. ಕೆಳಗೆ ನನ್ನ ಸಹಿ ಆಗಿದೆ. ಇದನ್ನು ಕೊಟ್ಟರೆ ಕೆಲಸ ಉಳಿಯುವುದಿಲ್ಲ, ಅದು ಗೊತ್ತಿದ್ದೇ ಹಾಕಿದ್ದು. ಆದರೆ ಒಬ್ಬಳ ಸಹಿ ಇದ್ದರೆ ಅದು ಒಬ್ಬ ಕೆಲಸದವಳ ಕೋಪ, ಇಬ್ಬರದಿದ್ದರೆ ಒಬ್ಬ ತಾಯಿಯ ಮಕ್ಕಳ ಮಾತು. ನಿನ್ನ ಜಾಗ ಖಾಲಿಯಿದೆ.

ಇನ್ನೊಂದು ಹೇಳಬೇಕಿತ್ತು. ಅಮ್ಮ ಹೋದ ಮೇಲೂ ಒಂಬತ್ತು ದಿನ ಅವಳು ಮಡಚಿದ ಬಟ್ಟೆಗಳು ನನ್ನ ಕೋಣೆಗೆ ಬರುತ್ತಲೇ ಇದ್ದವು. ದಿನಾ ಅಟ್ಟಿಯಲ್ಲಿ ಆ ಮೂಲೆ ಹುಡುಕುತ್ತಿದ್ದೆ. ಹತ್ತನೆಯ ದಿನ ಇರಲಿಲ್ಲ. ಕಡೆಯದನ್ನು ಹಾಸಲಿಲ್ಲ. ಕದ್ದು ಮನೆಗೆ ತಂದಿದ್ದೇನೆ. ನೀನು ಬಂದಾಗ ತೋರಿಸುತ್ತೇನೆ, ಬಿಚ್ಚುವುದಿಲ್ಲ.

ನಿನ್ನ ಮೂರು ಪದಕ್ಕೆ ಇಷ್ಟುದ್ದ ಉತ್ತರ ಬರೆದವಳು,
ನೀನೇ ಹೆಸರಿಟ್ಟ
ಗುಂಡುಸೂಜಿ

ತಾ. ಕ.: ನನ್ನ ಕಾಗದದ ಎರಡನೆಯ ಪುಟದಲ್ಲಿ, ತಾಯಿ ನನ್ನ ಕೋಣೆಯ ಮುಂದೆ ಹಾದುಹೋದರು ಅನ್ನುವ ಸಾಲಿನ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಅಲ್ಲಿ ಬರಬೇಕಾದ್ದು ಇದು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, ನಿನ್ನ ಮೆಶಿನ್ನಲ್ಲಿ ನನ್ನದೂ ಒಂದು ಗೆರೆ ಹಾಕ್ತೀಯೇನೇ ಅಂತ ಕೇಳಿದಳು. ಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡವಳೇ ಕೇಳಿದಳು. ನಾನು ತಂತಿ ಒರೆಸುತ್ತಾ, ಮೇಸ್ತ್ರಿಯ ದನಿ ಮಾಡಿ, ನೋವು ಎಷ್ಟು, ಹತ್ತಕ್ಕೆ ಎಷ್ಟು ಅಂದೆ. ಎರಡೂವರೆ ಅಂದಳು. ಅರ್ಧಕ್ಕೆಲ್ಲ ಇಲ್ಲಿ ಮಂಚ ಸಿಗಲ್ಲಮ್ಮ, ಚೀಟಿ ತಗೊಂಡು ಬಾ ಅಂದೆ. ಅದಕ್ಕೆ ನಕ್ಕಳು. ಮಂಚ ಖಾಲಿಯಿತ್ತು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಎರಡರ ಮೇಲೆ ಒಂದು ಕೂದಲೆಳೆ ಬಂದದ್ದು ನಾವಿಬ್ಬರೂ ಕೇಳಿಲ್ಲ. ಆ ಅರ್ಧದ ಅರ್ಥ ಆ ಇಡೀ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ ಅಕ್ಕ. ಸಹಿ ಹಾಕುವ ಮೊದಲು ನಿನ್ನ ಅಕ್ಷರದಲ್ಲಿ ನೀನೇ ತುಂಬು. ಅರ್ಧವನ್ನು ಬಿಡಬೇಡ.